ಪಾಪುವಿಗೆ ಹಾಲೂಡಿಸಲು ಕೂತ ಹೊತ್ತಿಗೇ ದೊಡ್ಡ ಮಗುವಿನ ರಂಪ

ಪ್ರಶ್ನೆ: ನನ್ನ ದೊಡ್ಡ ಮಗಳಿಗೆ 2 ವರ್ಷ 10 ತಿಂಗಳು. ಎರಡನೆಯದು ಗಂಡುಮಗು, ಸಿಸೇರಿಯನ್ ಹೆರಿಗೆ, ಈಗ ಐದು ವಾರ. ಮೊದಮೊದಲು ತಮ್ಮನನ್ನು ಮುದ್ದಾಡುತ್ತಿದ್ದವಳು ಈಗ ನಾನು ಹಾಲು ಕುಡಿಸಲು ಕೂತರೆ ಸಾಕು, ಮೈಮೇಲೆ ಹತ್ತುತ್ತಾಳೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ. ಎರಡು ಸಲ ಪಾಪುವಿನ ತಲೆಗೆ ಹೊಡೆದಿದ್ದಾಳೆ. ‘ಪಾಪುನ ಆಸ್ಪತ್ರೆಗೇ ವಾಪಸ್ ಕೊಡು’ ಅನ್ನುತ್ತಾಳೆ. ಡಯಾಪರ್ ಬಿಟ್ಟು ನಾಲ್ಕು ತಿಂಗಳಾಗಿತ್ತು. ಈಗ ದಿನಕ್ಕೆ ಎರಡು ಮೂರು ಸಲ ಚಡ್ಡಿಯಲ್ಲೇ ಮಾಡಿಕೊಳ್ಳುತ್ತಾಳೆ. ರಾತ್ರಿ ಅಪ್ಪನ ಹತ್ತಿರ ಮಲಗಲು ಒಲ್ಲೆ ಎಂದು ಅಳು. ಗಂಡನ ರಜೆ ಮುಗಿದಿದೆ. ಸಂಜೆ ಅತ್ತೆ ಬರುತ್ತಾರೆ, ‘ನೀನೇ ಮುದ್ದು ಮಾಡಿ ಕೆಡಿಸಿದ್ದೀಯ’ ಅನ್ನುತ್ತಾರೆ. ನಾನು ಅವಳ ಮೇಲೆ ಕಿರುಚುತ್ತೇನೆ, ಆಮೇಲೆ ಕೂತು ಅಳುತ್ತೇನೆ. ಎರಡನೇ ಮಗು ಮಾಡಿಕೊಂಡು ಅವಳಿಗೆ ಅನ್ಯಾಯ ಮಾಡಿಬಿಟ್ಟೆನೇ?

ಉತ್ತರ: ನಿಮ್ಮ ಕೊನೆಯ ಮಾತಿಗೇ ಮೊದಲು ಬರುತ್ತೇನೆ. ನೀವು ಅನ್ಯಾಯ ಮಾಡಿಲ್ಲ, ಮಗಳು ಕೆಟ್ಟೂ ಹೋಗಿಲ್ಲ. ಈ ವಯಸ್ಸಿನ ಮಗುವಿಗೆ ತಮ್ಮನೋ ತಂಗಿಯೋ ಬಂದಾಗ ಹಟ ಹೆಚ್ಚುವುದು, ಕಲಿತದ್ದು ಮರೆತಂತಾಗುವುದು, ಅಮ್ಮನಿಗೇ ಅಂಟಿಕೊಳ್ಳುವುದು ತೀರಾ ಸಾಮಾನ್ಯ. ಹೆಚ್ಚಿನ ಮಕ್ಕಳು ಕೆಲವು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ. ಮೊದಲು ಚೆನ್ನಾಗಿದ್ದು ಆಮೇಲೆ ಕೆರಳಿದ್ದಕ್ಕೂ ಕಾರಣವಿದೆ. ಆಗ ಅಪ್ಪ ಮನೆಯಲ್ಲಿದ್ದರು, ಪಾಪು ದಿನವಿಡೀ ನಿದ್ದೆ ಮಾಡುತ್ತಿತ್ತು. ಈಗ ಅಪ್ಪ ಹೊರಟಿದ್ದಾರೆ, ಪಾಪು ಎಚ್ಚರವಿರುವ ಹೊತ್ತೂ ಅಳುವ ಹೊತ್ತೂ ಹೆಚ್ಚಾಗಿದೆ. ಬಂದಿರುವ ಪಾಪು ಇನ್ನು ಹೋಗುವುದಿಲ್ಲ ಎಂಬುದು ಮೂರು ವರ್ಷದ ಮಗುವಿಗೆ ಅರ್ಥವಾಗಲು ಒಂದಿಷ್ಟು ದಿನ ಹಿಡಿಯುತ್ತದೆ.

ನೀವು ಬರೆದದ್ದನ್ನೇ ಇನ್ನೊಮ್ಮೆ ಓದಿ ನೋಡಿ. ಅವಳು ದಿನವಿಡೀ ರಂಪ ಮಾಡುತ್ತಿಲ್ಲ. ನೀವು ಹಾಲು ಕುಡಿಸಲು ಕೂತಾಗ ಮಾಡುತ್ತಾಳೆ, ರಾತ್ರಿ ಮಲಗುವಾಗ ಮಾಡುತ್ತಾಳೆ. ಈ ತಿಂಗಳ ಹಸುಗೂಸು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ, ಒಂದೊಂದು ಸಲಕ್ಕೂ 20ರಿಂದ 40 ನಿಮಿಷ. ಲೆಕ್ಕ ಹಾಕಿದರೆ ದಿನಕ್ಕೆ ನಾಲ್ಕೈದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅದರಲ್ಲಿ ಅರ್ಧದಷ್ಟಾದರೂ ಅವಳು ಎಚ್ಚರವಿರುವ ಹೊತ್ತಿನಲ್ಲೇ ಬರುತ್ತದೆ. ಅಷ್ಟೂ ಹೊತ್ತು ನೀವು ಕಣ್ಣೆದುರೇ ಇದ್ದೀರಿ, ಆದರೆ ಎದ್ದು ಬರಲಾರಿರಿ, ಎರಡೂ ಕೈ ಖಾಲಿಯಿಲ್ಲ. ಇದು ಅವಳಿಗೂ ಗೊತ್ತು. ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬ ಮನೋವಿಜ್ಞಾನಿಗಳು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 40 ಕುಟುಂಬಗಳ ಮನೆಗೇ ಹೋಗಿ ಎರಡನೇ ಮಗು ಹುಟ್ಟುವ ಮೊದಲೂ ಆಮೇಲೂ ಗಮನಿಸಿದ್ದರು. ತಾಯಿ ಪಾಪುವನ್ನು ಎತ್ತಿಕೊಂಡಿರುವಾಗ, ಹಾಲೂಡಿಸುವಾಗಲೇ ದೊಡ್ಡ ಮಕ್ಕಳ ತಂಟೆ ಹೆಚ್ಚಾಗುತ್ತಿತ್ತು ಎಂಬುದು ಅವರು ಕಂಡ ಮುಖ್ಯ ಸಂಗತಿಗಳಲ್ಲೊಂದು.

ಆದ್ದರಿಂದ ‘ಹೊಟ್ಟೆಕಿಚ್ಚು ಹೋಗಿಸುವುದು ಹೇಗೆ’ ಎಂದು ಯೋಚಿಸುವುದನ್ನು ಸದ್ಯಕ್ಕೆ ಬಿಡಿ. ಬುದ್ಧಿಮಾತಿನಿಂದ ಅದು ಹೋಗುವುದೂ ಇಲ್ಲ. ಯಾವ ಹೊತ್ತಿನಲ್ಲಿ ಗಲಾಟೆ, ಆ ಹೊತ್ತಿನಲ್ಲಿ ಅವಳೆಲ್ಲಿ, ನೀವೆಲ್ಲಿ, ಇನ್ನೊಬ್ಬರ ಕೈ ಎಲ್ಲಿ, ಇಷ್ಟನ್ನು ನೋಡಿ. ಎರಡು ದಿನ ಒಂದು ಚೀಟಿಯಲ್ಲಿ ಗಲಾಟೆ ಆದ ಸಮಯ ಮಾತ್ರ ಗುರುತು ಹಾಕಿಕೊಳ್ಳಿ. ಇಡೀ ದಿನ ಹಾಳಾಯಿತು ಅನ್ನಿಸಿದ್ದು ದಿನದ ಎರಡು ಮೂರು ಹೊತ್ತಿಗೆ ಸೀಮಿತ ಎಂದು ಕಂಡರೆ ಅರ್ಧ ಭಾರ ಇಳಿಯುತ್ತದೆ, ಎಲ್ಲಿ ಕೈ ಹಾಕಬೇಕೆಂದೂ ತಿಳಿಯುತ್ತದೆ.

ಹಾಲೂಡಿಸುವ ಹೊತ್ತಿನಿಂದಲೇ ಶುರು ಮಾಡೋಣ. ನೀವು ಕುರ್ಚಿಯಲ್ಲಿ ಕೂತು ಕುಡಿಸುತ್ತಿದ್ದರೆ ಅದನ್ನು ಬಿಡಿ. ಕುರ್ಚಿಯಲ್ಲಿ ಇಬ್ಬರಿಗೇ ಜಾಗ, ಮೂರನೆಯವಳು ಮೈಮೇಲೆ ಹತ್ತದೆ ಬೇರೆ ದಾರಿಯಿಲ್ಲ. ಗೋಡೆಗೆ ದಿಂಬು ಒರಗಿಸಿ ಅಗಲವಾದ ಮಂಚದ ಮೇಲೋ, ಏಳಲು ಕೂರಲು ಹೊಲಿಗೆ ನೋಯದಿದ್ದರೆ ನೆಲದ ಹಾಸಿಗೆಯ ಮೇಲೋ ಕೂತುಕೊಳ್ಳಿ. ಪಾಪುವನ್ನು ಕಂಕುಳಡಿ ಹಿಡಿದು, ಅದರ ಕಾಲು ನಿಮ್ಮ ಬೆನ್ನಿನ ಕಡೆ ಹೋಗುವಂತೆ ಕುಡಿಸಿದರೆ ಎರಡು ಲಾಭ. ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ, ಇನ್ನೊಂದು ಮಗ್ಗುಲು ಪೂರ್ತಿ ಮಗಳಿಗೆ ಸಿಗುತ್ತದೆ. ಅವಳು ಅಲ್ಲಿ ಒರಗಿ ಕೂತರೆ ಪಾಪುವಿನ ತಲೆ ಅವಳ ಕೈಗೆ ಸುಲಭಕ್ಕೆ ಎಟುಕುವುದೂ ಇಲ್ಲ.

ಕೋಣೆಯ ಬಾಗಿಲು ಹಾಕಿರಲಿ, ಒಳಗೆ ಅವಳು ಬೀಳಿಸಬಹುದಾದ, ಒಡೆಯಬಹುದಾದ ಸಾಮಾನು ಇರದಿರಲಿ. ಅರ್ಧ ಗಂಟೆ ‘ಮುಟ್ಟಬೇಡ, ಹತ್ತಬೇಡ’ ಅನ್ನುವ ಅಗತ್ಯವೇ ಬರದಂತೆ ಕೋಣೆಯನ್ನು ಸಜ್ಜು ಮಾಡಿಕೊಳ್ಳುವುದು ಹತ್ತು ದಿನದ ಬೈಗುಳಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಅವಳ ಪಾಟಿಯನ್ನೂ (ಮಕ್ಕಳು ಶೌಚಕ್ಕೆ ಕೂರುವ ಪುಟ್ಟ ಪೀಠ) ಅದೇ ಕೋಣೆಗೆ ತನ್ನಿ. ಹಾಲೂಡಿಸುವಾಗ ‘ಸೂಸು’ ಎಂದರೆ ನೀವು ಏಳಬೇಕಾಗಿಲ್ಲ.

ಇನ್ನು ಒಂದು ಡಬ್ಬಿ. ಹಾಲೂಡಿಸುವಾಗ ಮಾತ್ರ ಅದು ಹೊರಗೆ ಬರಬೇಕು, ಮುಗಿದ ಕೂಡಲೇ ಮೇಲೆ ಹೋಗಬೇಕು. ಒಳಗೆ ನಾಲ್ಕೈದು ಸಾಮಾನು ಸಾಕು: ಒಂದೆರಡು ಚಿತ್ರಪುಸ್ತಕ, ದಪ್ಪ ಬಣ್ಣದ ಕಡ್ಡಿ ಮತ್ತು ಹಾಳೆ, ಅಂಟಿಸುವ ಚಿತ್ರ, ಒಂದು ಬೊಂಬೆ ಮತ್ತು ಅದಕ್ಕೆ ಹೊದಿಸುವ ಬಟ್ಟೆ. ಮೂರು ನಾಲ್ಕು ದಿನಕ್ಕೊಮ್ಮೆ ಎರಡನ್ನು ತೆಗೆದು ಬೇರೆ ಎರಡನ್ನು ಹಾಕಿ. ಹೊಸದಾಗಿ ಕೊಳ್ಳಬೇಕಿಲ್ಲ, ಅವಳು ಮರೆತ ಹಳೆಯ ಆಟಿಕೆಯೇ ಆದೀತು. ಡಬ್ಬಿ ಕೆಲಸ ಮಾಡುತ್ತಿಲ್ಲ ಎಂದು ಹೇಳುವ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ತಪ್ಪು ಆಗಿರುತ್ತದೆ. ದಿನವಿಡೀ ತೆರೆದೇ ಇಟ್ಟಿರುತ್ತಾರೆ, ಎರಡೇ ದಿನಕ್ಕೆ ಹಳಸಿ ಹೋಗುತ್ತದೆ. ಇಲ್ಲವೇ ‘ಅಮ್ಮ, ಇದು ತೆಗೆದುಕೊಡು’ ಎಂದು ಕೇಳಲೇಬೇಕಾದ ಬಿಗಿ ಮುಚ್ಚಳದ, ಎರಡು ಕೈ ಬೇಡುವ ಸಾಮಾನು ತುಂಬಿರುತ್ತಾರೆ. ಇಲ್ಲವೇ ಡಬ್ಬಿ ಕೊಟ್ಟು ‘ಸುಮ್ಮನೆ ಆಡಿಕೋ’ ಎಂದು ಮುಖ ತಿರುಗಿಸುತ್ತಾರೆ. ಡಬ್ಬಿ ನಿಮ್ಮ ಕೈಗಳ ಬದಲಿಗೆ ಇದೆ, ನಿಮ್ಮ ಕಣ್ಣಿಗೂ ಮಾತಿಗೂ ಬದಲಿಲ್ಲ. ಪುಸ್ತಕವನ್ನು ನಿಮ್ಮ ತೊಡೆಯ ಮೇಲೆ ಇಟ್ಟು ಪುಟ ತಿರುಗಿಸುವ ಕೆಲಸ ಅವಳಿಗೆ ಕೊಟ್ಟು ಓದಿ ಹೇಳಿ.

ಸುಮಾರು 4 ಸೆಂಟಿಮೀಟರ್‌ಗಿಂತ ಸಣ್ಣ ಸಾಮಾನು ಯಾವುದೂ ಆ ಡಬ್ಬಿಯಲ್ಲಿ ಬೇಡ. ಅವಳ ವಯಸ್ಸಿಗೂ ಅದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಮೇಲಾಗಿ ‘ಪಾಪುಗೂ ಕೊಡ್ತೀನಿ’ ಎಂದು ಅವಳು ಪ್ರೀತಿಯಿಂದಲೇ ತಮ್ಮನ ಬಾಯಿಗೆ ಇಡಬಹುದು. ಗುಂಡಿಯಂಥ ಚಪ್ಪಟೆ ಬ್ಯಾಟರಿ ಹಾಕುವ ಆಟಿಕೆಗಳನ್ನಂತೂ ಮನೆಯಿಂದಲೇ ತೆಗೆಯಿರಿ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಸುಟ್ಟಗಾಯ ಮಾಡಬಲ್ಲದು.

ಡಬ್ಬಿಗಿಂತಲೂ ಮುಖ್ಯವಾದದ್ದು ಕೂರುವ ಮೊದಲಿನ ಐದು ನಿಮಿಷ. ಪಾಪು ಅತ್ತ ಮೇಲೆ ಓಡಿ ಹೋದರೆ ಏನಾಗುತ್ತದೆ? ಅವಳ ಆಟ ಅರ್ಧಕ್ಕೆ ನಿಲ್ಲುತ್ತದೆ, ನಿಮಗೆ ಗಡಿಬಿಡಿ, ಪಾಪುವೂ ಕೆರಳಿ ಸರಿಯಾಗಿ ಬಾಯಿ ಹಾಕುವುದಿಲ್ಲ. ಅಳು ಹಸಿವಿನ ಕೊನೆಯ ಸೂಚನೆ. ಅದಕ್ಕೂ ಮೊದಲು ಪಾಪು ತಲೆಯನ್ನು ಅತ್ತಿತ್ತ ತಿರುಗಿಸುತ್ತದೆ, ಬಾಯಿ ತೆರೆದು ಹುಡುಕುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ, ತುಟಿ ಚಪ್ಪರಿಸುತ್ತದೆ. ಅದು ಕಂಡ ಕೂಡಲೇ ಪಾಪುವಿನ ಕಡೆ ಹೋಗದೆ ಮಗಳ ಕಡೆ ಹೋಗಿ. ಪಾಟಿಗೆ ಕೂರಿಸಿ, ಕುಡಿಯಲು ನೀರು ಮತ್ತು ತಿನ್ನಲು ಏನಾದರೂ ಕೊಡಿ, ಒಮ್ಮೆ ಬಿಗಿಯಾಗಿ ಅಪ್ಪಿಕೊಳ್ಳಿ, ‘ಈಗ ತಮ್ಮನಿಗೆ ಹಾಲು, ಡಬ್ಬಿ ತಗೊಂಡು ನನ್ನ ಪಕ್ಕ ಬಾ’ ಅನ್ನಿ. ಆಮೇಲೆ ಪಾಪುವನ್ನು ಎತ್ತಿಕೊಳ್ಳಿ. ಈ ಕ್ರಮ ದಿನವೂ ಒಂದೇ ಥರ ನಡೆದರೆ ಒಂದೆರಡು ವಾರದಲ್ಲಿ ಅವಳೇ ಡಬ್ಬಿ ತೋರಿಸಿ ‘ಪಾಪುಗೆ ಹಸಿವಾಯ್ತು’ ಅನ್ನಲು ಶುರು ಮಾಡಬಹುದು. ಪಾಪು ಒಂದೆರಡು ನಿಮಿಷ ಅತ್ತರೂ ಪರವಾಗಿಲ್ಲ. ಸುರಕ್ಷಿತ ಜಾಗದಲ್ಲಿ ಬೆನ್ನ ಮೇಲೆ ಮಲಗಿರುವ ಮಗುವಿಗೆ ಅಷ್ಟು ಅಳುವಿನಿಂದ ಏನೂ ಆಗುವುದಿಲ್ಲ.

ಮೊಬೈಲ್ ಕೊಡಬಹುದೇ ಎಂದು ನೀವು ಕೇಳಿಲ್ಲ, ಆದರೆ ಆ ಪ್ರಶ್ನೆ ಪ್ರತಿ ಮನೆಯಲ್ಲೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ 2ರಿಂದ 4 ವರ್ಷದ ಮಕ್ಕಳಿಗೆ ಪರದೆಯ ಮುಂದೆ ಕೂರುವುದು ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಈ ತಿಂಗಳುಗಳಲ್ಲಿ ದಿನದ ಅತಿ ಕಷ್ಟದ ಒಂದು ಹೊತ್ತಿಗೆ 20 ನಿಮಿಷ ಕೊಟ್ಟರೆ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಪ್ರತಿ ಸಲ ಹಾಲೂಡಿಸುವಾಗಲೂ ಕೊಟ್ಟರೆ ಮಾತ್ರ ಆ ಒಂದು ಗಂಟೆ ಮಧ್ಯಾಹ್ನಕ್ಕೇ ಮುಗಿದಿರುತ್ತದೆ, ಮೊಬೈಲ್ ವಾಪಸ್ ತೆಗೆದುಕೊಳ್ಳುವ ಜಗಳ ಹೊಸದಾಗಿ ಸೇರಿಕೊಳ್ಳುತ್ತದೆ.

ಅವಳೂ ಹಾಲು ಕೇಳಬಹುದು. ಬಿಡಿಸಿದ ಮಗು ಮತ್ತೆ ಕೇಳುವುದು ಸಹಜ. ಒಮ್ಮೆ ಬಾಯಿ ಹಾಕಲು ಬಿಟ್ಟರೂ ಕೆಡುಕಿಲ್ಲ. ಹೆಚ್ಚಿನ ಮಕ್ಕಳಿಗೆ ಹೇಗೆ ಕುಡಿಯುವುದೆಂಬುದೇ ಮರೆತಿರುತ್ತದೆ, ರುಚಿ ನೋಡಿ ನಕ್ಕು ಬಿಟ್ಟುಬಿಡುತ್ತಾರೆ. ನಿಮಗೆ ಇಷ್ಟವಿಲ್ಲದಿದ್ದರೆ ‘ಈಗ ಅದು ಪಾಪುಗೆ, ನಿನಗೆ ಅಪ್ಪುಗೆ’ ಎಂದು ಹೇಳಿ ಅಪ್ಪಿಕೊಳ್ಳಿ. ಯಾವುದಾದರೂ ಸರಿ, ದಿನಕ್ಕೊಂದು ಉತ್ತರ ಬೇಡ.

ಹೊಡೆಯುವುದಕ್ಕೆ ಬರೋಣ. ಇಲ್ಲಿ ಮೊದಲ ನಿಯಮಕ್ಕೆ ರಿಯಾಯಿತಿಯೇ ಇಲ್ಲ. ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬೇಡಿ, ಬಾಗಿಲು ತೆರೆಯಲು ಹೋಗುವ ಅರ್ಧ ನಿಮಿಷಕ್ಕೂ ಬೇಡ. ಇಬ್ಬರು ಮಕ್ಕಳಲ್ಲಿ ಒಬ್ಬರು ನಿಮ್ಮ ಜೊತೆ ಬರಬೇಕು. ಅವಳು ಕೆಟ್ಟವಳೆಂದು ಈ ಮಾತು ಹೇಳುತ್ತಿಲ್ಲ. ಮೂರು ವರ್ಷದ ಮಗುವಿಗೆ ಮನಸ್ಸಿಗೆ ಬಂದದ್ದನ್ನು ತಡೆದುಕೊಳ್ಳುವ ಶಕ್ತಿ ಇನ್ನೂ ಬೆಳೆದಿರುವುದಿಲ್ಲ, ಐದು ವಾರದ ಮಗುವಿಗೆ ಕುತ್ತಿಗೆ ನಿಂತಿರುವುದಿಲ್ಲ. ಪ್ರೀತಿಯಿಂದ ಎತ್ತಿಕೊಳ್ಳಲು ಹೋದರೂ ಅಪಾಯವೇ.

ಕೈ ಎತ್ತಿದಳು ಎಂದು ಕಂಡ ಕೂಡಲೇ ಅವಳ ಮಣಿಕಟ್ಟನ್ನು ಮೆತ್ತಗೆ, ಆದರೆ ಗಟ್ಟಿಯಾಗಿ ಹಿಡಿದು ‘ಹೊಡೆಯೋಕೆ ನಾನು ಬಿಡಲ್ಲ’ ಅನ್ನಿ. ಅಷ್ಟೇ ಸಾಕು. ಮುಖದಲ್ಲಿ ಸಿಟ್ಟು ಬೇಡ, ನಗುವೂ ಬೇಡ. ‘ಪಾಪುಗೆ ನೋವಾಗಲ್ವಾ? ನಿನಗೆ ಹೀಗೆ ಹೊಡೆದರೆ? ಒಳ್ಳೆ ಅಕ್ಕ ಹೀಗೆ ಮಾಡ್ತಾಳಾ?’ ಎಂಬ ಪಾಠ ಆ ಗಳಿಗೆಯಲ್ಲಿ ಕಿವಿಗೇ ಹೋಗುವುದಿಲ್ಲ. ಬದಲಿಗೆ, ತಾನು ಹೊಡೆದರೆ ಅಮ್ಮ ಎಲ್ಲ ಬಿಟ್ಟು ತನ್ನ ಮುಖ ನೋಡಿ ಎರಡು ನಿಮಿಷ ಮಾತಾಡುತ್ತಾಳೆ ಎಂಬುದನ್ನು ಅವಳು ಕಲಿಯುತ್ತಾಳೆ. ಮುಂದೆ ಏನು ಮಾಡಬಹುದೆಂದು ಹೇಳಿ: ‘ಸಿಟ್ಟು ಬಂದರೆ ಈ ದಿಂಬಿಗೆ ಹೊಡಿ’ ಅಥವಾ ‘ಪಾಪುನ ಪಾದ ಮುಟ್ಟು’. ಪಾದ ಒಳ್ಳೆಯ ಜಾಗ. ಮುಖ, ಕೈ, ತಲೆ ಮುಟ್ಟಬೇಡ ಎಂದು ದಿನಕ್ಕೆ ಹತ್ತು ಸಲ ಹೇಳುವ ಬದಲು ‘ನಿನ್ನ ಜಾಗ ಪಾದ’ ಎಂದು ಒಂದು ಸಲ ಗೊತ್ತು ಮಾಡಿಕೊಡಿ. ಸೋಂಕು ದಾಟುವ ಸಾಧ್ಯತೆಯೂ ಅಷ್ಟು ಕಡಿಮೆಯಾಗುತ್ತದೆ. ಬಲವಂತದಿಂದ ‘ಸಾರಿ’ ಹೇಳಿಸಬೇಡಿ. ಹೊಡೆದದ್ದಕ್ಕೆ ನೀವು ಅವಳಿಗೆ ಹೊಡೆದರೆ ಹೊಡೆಯುವುದು ಸರಿ ಎಂದು ನೀವೇ ತೋರಿಸಿಕೊಟ್ಟಂತೆ.

ಪಾಪುವಿನ ತಲೆಗೆ ಬಿದ್ದ ಪುಟ್ಟ ಕೈಯ ಏಟಿನಿಂದ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ನೆತ್ತಿಯ ಮೆತ್ತಗಿನ ಭಾಗದ ಮೇಲೆ ಗಟ್ಟಿಯಾದ ಪೊರೆಯಿದೆ. ಆದರೆ ಗಟ್ಟಿ ಸಾಮಾನಿನಿಂದ ಏಟು ಬಿದ್ದರೆ, ಪಾಪು ಕೆಳಗೆ ಬಿದ್ದರೆ ಮೇಲ್ನೋಟಕ್ಕೆ ಚೆನ್ನಾಗಿದ್ದರೂ ವೈದ್ಯರಿಗೆ ತೋರಿಸಿ. ಮೂರು ತಿಂಗಳೊಳಗಿನ ಮಗುವಿನ ತಲೆಪೆಟ್ಟನ್ನು ಮನೆಯಲ್ಲೇ ಕಾದು ನೋಡಬಾರದು. ವಾಂತಿ, ಎಬ್ಬಿಸಿದರೂ ಏಳದ ಮಂಪರು, ಹಾಲು ಬೇಡವೆನ್ನುವುದು, ನಿಲ್ಲದ ಕಿರುಚು, ತಲೆಯ ಮೇಲೆ ಊತ, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಹೋಗಬೇಕು.

ಅವಳು ಮೆತ್ತಗೆ ನಡೆದುಕೊಂಡ ಗಳಿಗೆಯನ್ನು ಹಿಡಿಯುವುದು ಹೊಡೆತ ತಡೆದಷ್ಟೇ ಮುಖ್ಯ. ಇನ್ನೊಂದೆರಡು ವಾರದಲ್ಲಿ ನಿಮಗೊಂದು ಒಳ್ಳೆಯ ಅವಕಾಶ ಬರುತ್ತದೆ. ಆರು ವಾರದ ಆಸುಪಾಸಿಗೆ, ಕೆಲವರಲ್ಲಿ ಎಂಟು ವಾರಕ್ಕೆ, ಮಗು ಮುಖ ನೋಡಿ ನಗಲು ಶುರು ಮಾಡುತ್ತದೆ. ಪಾಪು ಹಾಲು ಕುಡಿದು ತೇಗಿ ಹಸನಾಗಿರುವಾಗ ಅದನ್ನು ನಿಮ್ಮ ತೊಡೆಯ ಮೇಲೆ ಮಲಗಿಸಿ, ಮಗಳನ್ನು ಎದುರಿಗೆ ಕೂರಿಸಿ. ಅವಳ ಮುಖ ಪಾಪುವಿನ ಮುಖದಿಂದ ಒಂದು ಗೇಣಿಗಿಂತ ತುಸು ಹೆಚ್ಚು, 20ರಿಂದ 30 ಸೆಂಟಿಮೀಟರ್ ದೂರವಿರಲಿ. ಆ ವಯಸ್ಸಿನ ಕಣ್ಣಿಗೆ ಚೆನ್ನಾಗಿ ಕಾಣುವ ದೂರ ಅಷ್ಟೇ. ಅವಳು ನಿಧಾನವಾಗಿ ಮಾತಾಡಲಿ, ಹಾಡಲಿ, ಆಮೇಲೆ ಸುಮ್ಮನಿದ್ದು ಕಾಯಲಿ. ಎಳೆಮಗುವಿನ ಉತ್ತರ ಕೆಲವು ಸೆಕೆಂಡು ತಡವಾಗಿ ಬರುತ್ತದೆ, ಚಿಕ್ಕ ಮಕ್ಕಳು ಅಷ್ಟರಲ್ಲಿ ಎದ್ದು ಹೋಗಿಬಿಡುತ್ತಾರೆ. ನೀವು ಅವಳ ಬೆನ್ನ ಮೇಲೆ ಕೈಯಿಟ್ಟು ‘ತಾಳು, ನೋಡ್ತಾ ಇರು’ ಎಂದು ಪಿಸುಗುಡಿ. ನಗು ಬಂದರೆ ‘ನಿನ್ನ ನೋಡಿ ನಕ್ಕ’ ಎಂದು ಹೇಳಿ. ಬರದಿದ್ದರೆ ನಾಳೆ ನೋಡಿದರಾಯಿತು.

ಮೊದಲು ಹೇಳಿದ ಕೇಂಬ್ರಿಜ್ ಅಧ್ಯಯನದಲ್ಲಿ ಇದಕ್ಕೆ ಸಂಬಂಧಿಸಿದ ಇನ್ನೊಂದು ಅಂಶವೂ ಇತ್ತು. ಹುಟ್ಟಿದ ಮೊದಲ ವಾರಗಳಲ್ಲಿ ಪಾಪುವಿಗೂ ಬೇಕುಬೇಡಗಳಿವೆ, ಅನಿಸಿಕೆಗಳಿವೆ ಎಂಬಂತೆ ದೊಡ್ಡ ಮಗುವಿನ ಜೊತೆ ಮಾತಾಡಿದ ತಾಯಂದಿರ ಮನೆಗಳಲ್ಲಿ, ಪಾಪುವಿಗೆ 14 ತಿಂಗಳಾದಾಗ ಇಬ್ಬರು ಮಕ್ಕಳ ನಡುವೆ ಹೆಚ್ಚು ಸ್ನೇಹವಿತ್ತು. ‘ಯಾಕೆ ಅಳ್ತಿದಾನೆ ಅನ್ಸುತ್ತೆ ನಿಂಗೆ? ಹಸಿವಾ, ನಿದ್ದೆಯಾ?’ ಎಂದು ಅವಳನ್ನೇ ಕೇಳಿ. ತಪ್ಪು ಹೇಳಿದರೂ ‘ಇರಬಹುದು, ನೋಡೋಣ’ ಅನ್ನಿ. ಎತ್ತಿಕೊಳ್ಳಬೇಕು ಎಂದು ಅವಳೇ ಕೇಳಿದರೆ ನೆಲದ ಮೇಲೆ ಗೋಡೆಗೆ ಒರಗಿ ಕಾಲು ಚಾಚಿ ಕೂರಲಿ, ತೋಳಿನ ಕೆಳಗೆ ದಿಂಬು ಇಡಿ, ಪಾಪುವಿನ ಕುತ್ತಿಗೆಯ ಅಡಿ ನಿಮ್ಮ ಕೈ ಇದ್ದೇ ಇರಲಿ. ‘ಸಾಕು’ ಎಂದ ಕೂಡಲೇ ತೆಗೆದುಕೊಳ್ಳಿ, ಹತ್ತೇ ಸೆಕೆಂಡಾಗಿದ್ದರೂ ಸರಿ.

‘ಆಸ್ಪತ್ರೆಗೇ ವಾಪಸ್ ಕೊಡು’ ಎಂಬ ಮಾತಿಗೆ ಗಾಬರಿ ಬೇಡ. ‘ಹಾಗೆಲ್ಲ ಹೇಳಬಾರದು’ ಎಂದರೆ ಮಾತು ನಿಲ್ಲುತ್ತದೆ, ಕೈ ಶುರುವಾಗುತ್ತದೆ. ‘ಮೊದಲಿನ ಥರ ನಾವಿಬ್ಬರೇ ಇರ್ಬೇಕು ಅನ್ಸುತ್ತಾ? ನಂಗೂ ನಿನ್ನ ಜೊತೆ ಆಡ್ಬೇಕು ಅನ್ಸುತ್ತೆ’ ಎಂದು ಅವಳ ಮಾತನ್ನು ಎತ್ತಿ ಹಿಡಿಯಿರಿ. ಪಾಪು ಇಲ್ಲೇ ಇರುತ್ತದೆ ಎಂಬುದನ್ನೂ ನೇರವಾಗಿ ಹೇಳಿ.

ಮನೆಯವರೆಲ್ಲ ಗಮನಿಸಬೇಕಾದ ಒಂದು ವಿಷಯವಿದೆ: ದಿನಕ್ಕೆ ಎಷ್ಟು ‘ಬೇಡ’ಗಳು ಪಾಪುವಿನ ಲೆಕ್ಕಕ್ಕೆ ಬೀಳುತ್ತಿವೆ? ‘ಪಾಪು ಮಲಗಿದೆ, ಸದ್ದು ಮಾಡ್ಬೇಡ.’ ‘ಪಾಪು ಇದೆ, ಹತ್ಬೇಡ.’ ‘ಪಾಪುಗೆ ಹಾಲು ಕೊಡ್ಬೇಕು, ಆಮೇಲೆ ಬರ್ತೀನಿ.’ ಎಲ್ಲ ಕಳವಿಗೂ ಒಬ್ಬನೇ ಕಳ್ಳ ಎಂದಾದರೆ ಅವಳಿಗೆ ಅವನ ಮೇಲೆ ಸಿಟ್ಟು ಬಾರದೇ ಇರುತ್ತದೆಯೇ? ‘ನನ್ನ ಕೈ ಈಗ ಖಾಲಿ ಇಲ್ಲ, ಈ ಪುಟ ಮುಗಿದ ಮೇಲೆ ಬರ್ತೀನಿ’ ಅನ್ನಿ. ಆಗಾಗ ತಿರುವು ಹಾಕಿ, ಅವಳ ಕಿವಿಗೆ ಬೀಳುವಂತೆ ಪಾಪುವಿಗೆ ಹೇಳಿ: ‘ಸ್ವಲ್ಪ ತಾಳು ಪಾಪು, ಅಕ್ಕನ ಚಪ್ಪಲಿ ಹಾಕಿ ಬರ್ತೀನಿ.’ ಪಾಪುವಿಗೆ ಅರ್ಥವಾಗದಿದ್ದರೂ ಅವಳಿಗೆ ಆಗುತ್ತದೆ. ‘ನೀನೀಗ ದೊಡ್ಡವಳು’ ಎಂಬ ಮಾತನ್ನು ಮಾತ್ರ ಮೂಟೆ ಕಟ್ಟಿ ಇಡಿ. ಅವಳು ದೊಡ್ಡವಳಲ್ಲ, ಪಾಪುವಿನ ಪಕ್ಕ ನಿಂತಾಗ ಹಾಗೆ ಕಾಣುತ್ತಾಳೆ ಅಷ್ಟೇ.

ನೀವು ಅವಳನ್ನು ಎತ್ತಿಕೊಳ್ಳದಿರುವುದೂ ಹಾಗೇ. ಸಿಸೇರಿಯನ್ ಆದ ಮೇಲೆ ಸುಮಾರು 6 ವಾರ ಪಾಪುವಿಗಿಂತ ಭಾರವಾದದ್ದನ್ನು ಎತ್ತಬೇಡಿ ಎಂದು ವೈದ್ಯರು ಹೇಳುತ್ತಾರೆ. ಮಗಳು 12-14 ಕಿಲೋ ಇರಬಹುದು. ನೀವು ಮಂಚದ ಮೇಲೆ ಕೂತುಕೊಳ್ಳಿ, ಒಂದು ಗಟ್ಟಿ ಮಣೆ ಇಟ್ಟು ಅವಳೇ ಹತ್ತಿ ಬರಲಿ, ದಿಂಬನ್ನು ಹೊಟ್ಟೆಗೆ ಅಡ್ಡ ಇಟ್ಟುಕೊಂಡು ತೊಡೆಯ ಮೇಲೆ ಕೂರಿಸಿಕೊಳ್ಳಿ. ಕಾರಣ ಕೇಳಿದರೆ ‘ಅಮ್ಮನ ಹೊಟ್ಟೆ ಮೇಲೆ ಗಾಯ ಇದೆ, ವಾಸಿ ಆಗ್ತಿದೆ’ ಅನ್ನಿ, ‘ಪಾಪು ಬಂದಿದ್ದಕ್ಕೆ’ ಅನ್ನಬೇಡಿ.

ಚಡ್ಡಿಯಲ್ಲಿ ಮಾಡಿಕೊಳ್ಳುವುದಕ್ಕೆ ಹಟ ಕಾರಣವಲ್ಲ. ಹೊಸದಾಗಿ ಕಲಿತ ಅಭ್ಯಾಸ ಮನಸ್ಸು ಬೇರೆಡೆ ಇದ್ದಾಗ ಮೊದಲು ಜಾರುತ್ತದೆ. ‘ಬರುತ್ತಾ? ಬರುತ್ತಾ?’ ಎಂದು ಕೇಳುತ್ತಲೇ ಇದ್ದರೆ ಇಲ್ಲ ಎಂಬ ಉತ್ತರವೇ ರೂಢಿಯಾಗುತ್ತದೆ. ಕೇಳದೆ, ಹೊತ್ತಿಗೆ ಕಟ್ಟಿಬಿಡಿ. ಎದ್ದ ಕೂಡಲೇ, ಪ್ರತಿ ಸಲ ಹಾಲೂಡಿಸುವ ಮೊದಲು, ಊಟದ ನಂತರ, ಮಲಗುವ ಮೊದಲು ಪಾಟಿ. ಒದ್ದೆಯಾದರೆ ‘ಒದ್ದೆ ಆಯ್ತು, ಬದಲಾಯಿಸೋಣ’ ಎಂದಷ್ಟೇ ಹೇಳಿ ಮುಗಿಸಿ. ಒಗೆಯುವ ರಾಶಿ ನೋಡಿ ನಿಮಗೆ ಸಿಟ್ಟು ಬರುವಂತಿದ್ದರೆ ಕೆಲವು ವಾರ ಡಯಾಪರ್‌ಗೆ ಮರಳಿದರೂ ಸೋಲಲ್ಲ. ಒಂದು ಎಚ್ಚರಿಕೆ ಮಾತ್ರ: ಎಲ್ಲವನ್ನೂ ಪಾಪುವಿನ ತಲೆಗೆ ಕಟ್ಟಿ ಕಾಯಿಲೆಯನ್ನು ಕಾಣದೆ ಬಿಡಬೇಡಿ. ಮೂತ್ರ ಮಾಡುವಾಗ ಉರಿ, ಜ್ವರ, ಕೆಟ್ಟ ವಾಸನೆ, ಹನಿಹನಿಯಾಗಿ ಪದೇಪದೇ ಹೋಗುವುದು ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ವಿಪರೀತ ಬಾಯಾರಿಕೆಯ ಜೊತೆ ತುಂಬಾ ಮೂತ್ರ ಹೋಗುತ್ತಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ, ಸಕ್ಕರೆ ಅಂಶ ನೋಡಬೇಕಾಗುತ್ತದೆ. ಮಲಬದ್ಧತೆ ಇನ್ನೂ ಸಾಮಾನ್ಯ, ಎಷ್ಟೋ ಸಲ ಯಾರ ಗಮನಕ್ಕೂ ಬರುವುದಿಲ್ಲ. ಗಟ್ಟಿ ಮಲ ಒಳಗೆ ಕೂತು ಮೂತ್ರಕೋಶವನ್ನು ಒತ್ತುತ್ತದೆ. ಎರಡು ಮೂರು ದಿನಕ್ಕೊಮ್ಮೆ ಗಟ್ಟಿಯಾಗಿ ಹೋಗುತ್ತಿದ್ದಾಳೆಯೇ ನೋಡಿ.

ರಾತ್ರಿಯ ಅಳುವಿಗೆ ರಾತ್ರಿಯಲ್ಲೇ ಪರಿಹಾರ ಹುಡುಕಿದರೆ ಕಷ್ಟ. ಮಲಗಿಸುವುದು ದಿನದ ಅತಿ ನಾಜೂಕಿನ ಕೆಲಸ, ಅಪ್ಪನ ಪಾಲಿಗೆ ಅದನ್ನೇ ಮೊದಲು ಕೊಟ್ಟದ್ದರಿಂದ ಹೀಗಾಗಿದೆ. ಮೊದಲೊಂದು ವಾರ ಅಪ್ಪ ಬೆಳಿಗ್ಗೆ ಹೊರಡುವ ಮುನ್ನ 15 ನಿಮಿಷ, ಸಂಜೆ ಸ್ನಾನ ಮತ್ತು ಊಟ ವಹಿಸಿಕೊಳ್ಳಲಿ. ಮಲಗಿಸುವ ಕ್ರಮ ಸುಮಾರು ಅರ್ಧ ಗಂಟೆಯದಾಗಿರಲಿ, ದಿನವೂ ಅದೇ ಆಗಿರಲಿ: ಹಲ್ಲುಜ್ಜುವುದು, ಪಾಟಿ, ಪುಸ್ತಕ, ದೀಪ ಆರಿಸಿ ಹಾಡು. ಮೊದಲು ಎಲ್ಲದಕ್ಕೂ ನೀವು ಜೊತೆಗಿರಿ, ಆಮೇಲೆ ಕೊನೆಯ ಐದು ನಿಮಿಷಕ್ಕೆ ಮಾತ್ರ ಬನ್ನಿ. ‘ಪಾಪುಗೆ ಹಾಲು ಕೊಟ್ಟು ನಿನ್ನ ನೋಡೋಕೆ ಬರ್ತೀನಿ’ ಎಂದು ಹೇಳಿದರೆ ಖಂಡಿತ ಹೋಗಿ. ನಿದ್ದೆ ಹೋಗಿದ್ದರೂ ಹೋಗಿ ಹೊದಿಕೆ ಸರಿ ಮಾಡಿ, ಬೆಳಿಗ್ಗೆ ಅದನ್ನು ಹೇಳಿ. ಈ ವಯಸ್ಸಿನ ಮಗುವಿಗೆ ಹಗಲು ನಿದ್ದೆಯೂ ಸೇರಿ 11ರಿಂದ 13 ಗಂಟೆ ನಿದ್ದೆ ಬೇಕು. ಪಾಪು ಬಂದ ಗಲಾಟೆಯಲ್ಲಿ ಹಗಲು ನಿದ್ದೆ ತಪ್ಪಿದ್ದರೆ ಸಂಜೆಯ ರಂಪದ ಅರ್ಧ ಕಾರಣ ಅದೇ. ಇಬ್ಬರು ಮಕ್ಕಳನ್ನು ಒಂದೇ ಹಾಸಿಗೆಯಲ್ಲಿ ಪಕ್ಕಪಕ್ಕ ಮಲಗಿಸಬೇಡಿ. ಪಾಪು ಗಟ್ಟಿಯಾದ, ಸಮತಟ್ಟಾದ ತನ್ನದೇ ಹಾಸಿಗೆಯಲ್ಲಿ ಬೆನ್ನ ಮೇಲೆ ಮಲಗಬೇಕು, ದಿಂಬು ಬೊಂಬೆ ಏನೂ ಇರಬಾರದು. ಅಕ್ಕಂದಿರು ಅಕ್ಕರೆಯಿಂದ ತೊಟ್ಟಿಲಿಗೆ ಬೊಂಬೆ, ಹೊದಿಕೆ ತಂದು ಹಾಕುತ್ತಾರೆ, ಪ್ರತಿ ಸಲ ನೋಡಿ ತೆಗೆಯಿರಿ.

ಹೊಸ ಶಾಲೆ, ಹೊಸ ಕೋಣೆ, ಹೊಸ ಮಂಚ, ಹಾಲಿನ ಬಾಟಲಿ ಬಿಡಿಸುವುದು, ಇವನ್ನೆಲ್ಲ ಇನ್ನೆರಡು ಮೂರು ತಿಂಗಳು ಮುಂದೂಡಿ.

ದಿನಕ್ಕೆ 10 ನಿಮಿಷ ಅವಳೊಬ್ಬಳಿಗೇ ಕೊಡಿ. ಇದನ್ನು ಎಲ್ಲರೂ ಹೇಳುತ್ತಾರೆ, ಹೇಗೆಂದು ಹೇಳುವವರು ಕಡಿಮೆ. ಅದಕ್ಕೊಂದು ಹೆಸರಿಡಿ, ‘ನಮ್ಮಿಬ್ಬರ ಹೊತ್ತು’ ಅಂತಲೋ ಅವಳಿಟ್ಟ ಹೆಸರೋ. ದಿನದ ಒಂದೇ ಹೊತ್ತಿನಲ್ಲಿರಲಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ, ಪಾಪು ನಿದ್ದೆಯಲ್ಲಿ ಅಥವಾ ಇನ್ನೊಬ್ಬರ ಕೈಯಲ್ಲಿರಲಿ. ಏನು ಆಡಬೇಕೆಂದು ಅವಳೇ ಹೇಳಬೇಕು. ಅಕ್ಷರ, ಅಂಕಿ, ಬಣ್ಣದ ಪಾಠ ಬೇಡ. ಗಂಟೆ ಬಾರಿಸುವ ಗಡಿಯಾರ ಇಟ್ಟುಕೊಳ್ಳಿ, ಮುಗಿಯುವ ಎರಡು ನಿಮಿಷ ಮೊದಲು ಹೇಳಿ. ಮುಗಿದಾಗ ಅತ್ತರೆ ‘ಕೊಟ್ಟಷ್ಟೂ ಸಾಲದು’ ಎಂದು ಬೇಸರ ಬೇಡ, ಅವಳಿಗೆ ಅದು ಇಷ್ಟವಾಯಿತು ಅಂತಷ್ಟೇ ಅದರ ಅರ್ಥ. ಬೆಳಿಗ್ಗೆ ಹೊಡೆದಳೆಂದು ಈ ಹೊತ್ತನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬೇಡಿ. ಹೊಡೆದ ದಿನವೇ ಅದು ಹೆಚ್ಚು ಬೇಕಾಗಿರುತ್ತದೆ.

ಅತ್ತೆಯವರ ವಿಷಯ. ಮನೆಗೆ ಬಂದ ಸಹಾಯವನ್ನು ನೀವು ಬಹುಶಃ ತಪ್ಪು ಮಗುವಿಗೆ ಬಳಸುತ್ತಿದ್ದೀರಿ. ಎಲ್ಲ ಮನೆಯಲ್ಲೂ ಹೀಗೇ ಆಗುತ್ತದೆ: ಬಂದವರು ದೊಡ್ಡ ಮಗುವನ್ನು ‘ಬಾ, ನಾನು ಆಡಿಸ್ತೀನಿ’ ಎಂದು ಕರೆದೊಯ್ಯುತ್ತಾರೆ, ಅಮ್ಮ ಪಾಪುವಿನ ಜೊತೆ ಉಳಿಯುತ್ತಾಳೆ. ಉಲ್ಟಾ ಮಾಡಿ. ಹಾಲು ಕುಡಿದ ಪಾಪುವನ್ನು ಅತ್ತೆಯ ಕೈಗೆ ಕೊಟ್ಟು ಅರ್ಧ ಗಂಟೆ ನೀವು ಮಗಳ ಜೊತೆ ಇರಿ. ಪಾಪುವಿಗೆ ಬೆಚ್ಚಗಿನ ಬೇರೆ ತೋಳು ಆದೀತು, ಮಗಳಿಗೆ ಬೇಕಿರುವುದು ನೀವೇ. ‘ಅತ್ತೆ, ಪಾಪುನ ನೀವು ತೇಗಿಸಿ ಮಲಗಿಸಿದ್ರೆ ನಾನು ಇವಳಿಗೆ ಊಟ ಮಾಡಿಸ್ತೀನಿ’ ಎಂದು ಕೆಲಸವಾಗಿಯೇ ಕೇಳಿ. ‘ಕೆಡಿಸಿದ್ದೀಯ’ ಎಂಬ ಮಾತಿಗೆ ವಾದಕ್ಕಿಂತ ಇದು ಒಳ್ಳೆಯ ಉತ್ತರ. ಬಂದವರು ಒಳಗೆ ಕಾಲಿಟ್ಟ ಕೂಡಲೇ ಮೊದಲು ಮಗಳನ್ನು ಮಾತಾಡಿಸಲಿ, ಪಾಪುವನ್ನು ಅವಳೇ ತೋರಿಸಲಿ.

ಸಂಜೆಯ ಸಹಾಯ ಇನ್ನು ಕೆಲವು ವಾರ ಬಿಟ್ಟುಕೊಡಬೇಡಿ. ಎಳೆಮಕ್ಕಳ ಅಳು ಆರು ವಾರದ ಸುಮಾರಿಗೆ ತುದಿ ಮುಟ್ಟುತ್ತದೆ, ಅದರಲ್ಲೂ ಸಂಜೆ ಹೊತ್ತು. ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ನೀವೀಗ ಏರಿನ ಕೊನೆಯಲ್ಲಿದ್ದೀರಿ. ಮಗಳು ಹೊರಗಿನಿಂದ ಬಂದಾಗ ಸಾಬೂನಿನಲ್ಲಿ 20 ಸೆಕೆಂಡು ಕೈ ತೊಳೆಸಿ, ನೆಗಡಿ ಕೆಮ್ಮು ಇದ್ದಾಗ ಪಾಪುವಿನಿಂದ ದೂರವಿರಿಸಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೆ ಮನೆಯಲ್ಲಿ ಔಷಧಿ ಹಾಕಿ ಕಾಯಬಾರದು, ಆಗಲೇ ಆಸ್ಪತ್ರೆಗೆ ಹೊರಡಬೇಕು.

ಈಗ ನಿಮ್ಮ ಅಳು. ಹೆರಿಗೆಯಾದ ಎರಡು ಮೂರನೇ ದಿನದಿಂದ ಬರುವ ಅಳು ಹೆಚ್ಚಿನ ತಾಯಂದಿರಿಗೆ ಇರುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ನಿಮಗೆ ಐದು ವಾರವಾಗಿದೆ. ದಣಿವಿನ ಅಳುವೇ ಇರಬಹುದು. ಆದರೆ ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಸಂತೋಷವಿಲ್ಲದಿರುವುದು, ಪಾಪು ಮಲಗಿದಾಗಲೂ ನಿದ್ದೆ ಬಾರದಿರುವುದು, ನಾನು ಕೆಟ್ಟ ತಾಯಿ ಎಂಬ ಯೋಚನೆ ಬಿಡದಿರುವುದು, ಇವು ಎರಡು ವಾರದಿಂದ ಇದ್ದರೆ ದಯವಿಟ್ಟು ವೈದ್ಯರಿಗೆ ಇದೇ ವಾರ ಹೇಳಿ. ಪ್ರಸವಾನಂತರದ ಖಿನ್ನತೆಗೆ ಒಳ್ಳೆಯ ಚಿಕಿತ್ಸೆಯಿದೆ, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ನಿಮಗೋ ಮಗುವಿಗೋ ಹಾನಿ ಮಾಡುವ ಯೋಚನೆ ಬಂದರೆ, ಇಲ್ಲದ ದನಿ ಕೇಳಿಸಿದರೆ, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಮೈಮನಸ್ಸು ಓಡುತ್ತಲೇ ಇದ್ದರೆ ಒಂದು ದಿನವೂ ಕಾಯಬಾರದು. ಮನೆಯವರು ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು, ನಿಮ್ಮನ್ನು ಒಬ್ಬರೇ ಬಿಡಬಾರದು.

ನಿದ್ದೆಯನ್ನು ಔಷಧಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ತುಣುಕು ತುಣುಕಾದ ನಿದ್ದೆಗಿಂತ ಒಟ್ಟಿಗೆ ಸಿಕ್ಕ ನಿದ್ದೆ ಹೆಚ್ಚು ಕೆಲಸ ಮಾಡುತ್ತದೆ. ರಾತ್ರಿ ಒಂಬತ್ತಕ್ಕೆ ಹಾಲು ಕೊಟ್ಟು ನೀವು ಬೇರೆ ಕೋಣೆಯಲ್ಲಿ ಮಲಗಿ, ನಡುರಾತ್ರಿ ಕಳೆದು ಒಂದು ಹೊಡೆಯುವವರೆಗೆ ಪಾಪು ಅಪ್ಪನ ಪಾಲು. ನಡುವೆ ಹಸಿದರೆ ಹಿಂಡಿಟ್ಟ ಹಾಲು ಕೊಡಲಿ, ಇಲ್ಲವೇ ಪಾಪುವನ್ನು ನಿಮ್ಮ ಬಳಿ ತಂದು ಕುಡಿಸಿ, ತೇಗಿಸಿ ಮಲಗಿಸುವ ಕೆಲಸ ಪೂರ್ತಿ ಅವರೇ ಮಾಡಲಿ.

ಸಿಟ್ಟು ತಲೆಗೇರಿದಾಗ ಪಾಪುವನ್ನು ತೊಟ್ಟಿಲಲ್ಲಿ ಬೆನ್ನ ಮೇಲೆ ಮಲಗಿಸಿ, ಮಗಳನ್ನು ಅವಳಿಗೆ ಅಪಾಯವಿಲ್ಲದ ಇನ್ನೊಂದು ಕೋಣೆಗೆ ಕರೆದೊಯ್ದು, ನೀವು ಬಾಗಿಲಾಚೆ ಐದು ನಿಮಿಷ ನಿಂತು ಬನ್ನಿ. ಎಂಥ ಸಿಟ್ಟಿನಲ್ಲೂ ಎಳೆಮಗುವನ್ನು ಅಲುಗಾಡಿಸಬಾರದು, ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ. ಕಿರುಚಿದ ಮೇಲೆ ಅವಳೆದುರು ಕೂತು ‘ನಾನು ಜೋರಾಗಿ ಕೂಗ್ದೆ. ನಿಂಗೆ ಹೆದರಿಕೆ ಆಯ್ತು. ಹಾಗೆ ಕೂಗ್ಬಾರ್ದಿತ್ತು’ ಅನ್ನಿ. ಇನ್ನೆಂದೂ ಕಿರುಚುವುದಿಲ್ಲ ಎಂಬ ಮಾತು ಕೊಡಬೇಡಿ, ‘ನೀನು ಹಾಗೆ ಮಾಡಿದ್ದಕ್ಕೇ’ ಎಂಬ ಬಾಲವನ್ನೂ ಸೇರಿಸಬೇಡಿ.

ಇಷ್ಟನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಈ ವಾರ ಹಾಲೂಡಿಸುವ ಜಾಗ ಮತ್ತು ಡಬ್ಬಿ, ಸಂಜೆ ಪಾಪು ಅತ್ತೆಯ ಕೈಗೆ, ಇವೆರಡೇ. ಮೂರು ನಾಲ್ಕು ತಿಂಗಳಾದರೂ ಇಳಿಯದಿದ್ದರೆ, ಅವಕಾಶ ಕಾದು ಪಾಪುವಿಗೆ ನೋವು ಮಾಡುತ್ತಿದ್ದರೆ, ಅವಳು ಊಟ ಬಿಟ್ಟರೆ ಮಕ್ಕಳ ತಜ್ಞರಿಗೆ ತೋರಿಸಿ. ಆಡುತ್ತಿದ್ದ ಮಾತೇ ನಿಂತುಹೋದರೆ ಅಷ್ಟು ದಿನವೂ ಕಾಯಬೇಡಿ.

ಪಾಪು ಏಳರಿಂದ ಹತ್ತು ತಿಂಗಳಿಗೆ ಅಂಬೆಗಾಲಿಟ್ಟು ಅವಳ ಸಾಮಾನಿಗೆ ಕೈ ಹಾಕಲು ಶುರು ಮಾಡಿದಾಗ ಎರಡನೇ ಸುತ್ತು ಬರುತ್ತದೆ, ಅದಕ್ಕೆ ಆರನೇ ತಿಂಗಳಿಗೇ ಅಣಿಯಾಗಿ. ಪಾಪುವಿಗೆ ಎಟುಕದ ಎತ್ತರದಲ್ಲಿ ಅವಳಿಗೊಂದು ಮೇಜು, ಅವಳು ಯಾರಿಗೂ ಕೊಡಬೇಕಾಗಿಲ್ಲದ ನಾಲ್ಕೈದು ಆಟಿಕೆ ಇಡಲು ಒಂದು ಕಪಾಟು ಗೊತ್ತು ಮಾಡಿ. ಪಾಪು ಅತ್ತರೂ ಆ ಕಪಾಟಿನದ್ದು ಕೆಳಗಿಳಿಯಬಾರದು.